ಸೆರೆಮನೆಯಲ್ಲಿರುವವನ ಹಲ್ಲುನೋವು ಯಾರ ಹೊಣೆ?



ನಮ್ಮ ಲೈನು ಮನೆಗಳಿಂದ ಯಾರಾದರೂ ಜೈಲಿಗೆ ಹೋದರೆ ನಾವು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಕೇಸು ಏನು, ವಕೀಲರು ಯಾರು, ಜಾಮೀನಿಗೆ ಎಷ್ಟು ಬೇಕಾಗುತ್ತದೆ, ಒಳಗೆ ಊಟ ಸರಿಯಾಗಿ ಕೊಡುತ್ತಾರೆಯೇ, ಏಟು ಬಿತ್ತೇ? ಇಷ್ಟು ಕೇಳಿ ಸುಮ್ಮನಾಗುತ್ತೇವೆ. ಅವನಿಗೆ ಹಲ್ಲುಜ್ಜಲು ಏನಾದರೂ ಸಿಕ್ಕಿತೇ ಎಂದು ಕೇಳುವವರಿಲ್ಲ. ಯಾರಾದರೂ ಕೇಳಿದರೂ, "ಮನೆಗೆ ಬೆಂಕಿ ಬಿದ್ದಿರುವಾಗ ಹಲ್ಲುಪುಡಿಯ ಮಾತೇ?" ಎಂದು ನಗುವವರೇ ಹೆಚ್ಚು.

ಆ ನಗೆಯನ್ನು ನಾವು ಒಪ್ಪುವುದಿಲ್ಲ. ಜೈಲಿನಲ್ಲಿರುವ ಮನುಷ್ಯನ ಹಲ್ಲು ಸಣ್ಣ ವಿಷಯವಲ್ಲ ಎಂಬುದು ನಮ್ಮ ಅಭಿಪ್ರಾಯ. ನ್ಯಾಯಾಲಯವು ಒಬ್ಬನಿಗೆ ಆರು ತಿಂಗಳ ಶಿಕ್ಷೆ ಕೊಟ್ಟರೆ ಅವನ ಆರು ತಿಂಗಳ ಸ್ವಾತಂತ್ರ್ಯವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅವನ ಆರು ಹಲ್ಲುಗಳನ್ನೂ ತೆಗೆದುಕೊಳ್ಳಿರಿ ಎಂದು ಯಾವ ನ್ಯಾಯಾಧೀಶರೂ ತೀರ್ಪಿನಲ್ಲಿ ಬರೆಯುವುದಿಲ್ಲ. ಆದರೂ ಅನೇಕರು ಜೈಲಿನಿಂದ ಹೊರಗೆ ಬರುವಾಗ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಮಾತನಾಡುತ್ತಾರೆ. ಬಿಡುಗಡೆಯ ಕಾಗದದಿಂದ ಶಿಕ್ಷೆ ಮುಗಿಯುತ್ತದೆ, ಹೋದ ಹಲ್ಲು ಮಾತ್ರ ತಿರುಗಿ ಬರುವುದಿಲ್ಲ.

ಮೊದಲಿಗೆ ಜೈಲಿನಲ್ಲಿ ಇರುವವರು ಯಾರು ಎಂಬುದನ್ನು ನೋಡೋಣ. ಕೇಂದ್ರ ಸರಕಾರದ ಲೆಕ್ಕದ ಪ್ರಕಾರ 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ ಒಳಗಿದ್ದ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ನಿಮ್ಮಂತೆ ನಮ್ಮಂತೆ ನಿರ್ದೋಷಿಗಳೇ. ಸಂಬಳದ ದಿನದ ಕುಡಿತದ ಜಗಳ, ಬೇಲಿಯ ತಕರಾರು, ಕಾಡಿನ ಸೌದೆಯ ಕೇಸು, ಇಂಥವುಗಳಿಂದ ಒಳಗೆ ಹೋಗಿ, ಜಾಮೀನು ನಿಲ್ಲುವವರಿಲ್ಲದೆ ಅಲ್ಲಿಯೇ ಉಳಿದವರು ನಮ್ಮಂಥ ಕೂಲಿಯ ಮನೆಗಳವರೇ. ಆಸ್ತಿಯ ಪತ್ರ ಇದ್ದವನು ಹೊರಗೆ ಬರುತ್ತಾನೆ. ತೋಟದ ಲೈನಿನಲ್ಲಿ ವಾಸಿಸುವವನಿಗೆ ತೋರಿಸಲು ಪತ್ರ ಎಲ್ಲಿಂದ ಬರಬೇಕು? ಆದುದರಿಂದ ಕೈದಿಯ ಹಲ್ಲು ಎಂಬುದು ಯಾರೋ ಕಳ್ಳಕಾಕರ ಹಲ್ಲಲ್ಲ, ನಮ್ಮವರ ಹಲ್ಲು.

ಈಗ ಬಾಯಿಯ ವಿಚಾರಕ್ಕೆ ಬರೋಣ. ನಾವು ತಿಂದ ಅನ್ನ, ಸಕ್ಕರೆ, ಬಿಸ್ಕತ್ತಿನ ಅಂಟು ಹಲ್ಲಿನ ಮೇಲೆ ಉಳಿಯುತ್ತದೆ. ಬಾಯಿಯಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ತಿಂದು ಆಮ್ಲವನ್ನು ಬಿಡುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿಯಾದ ಹೊರಪದರವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಇದೇ ಹುಳುಕು. ಹಲ್ಲಿನಲ್ಲಿ ನಿಜವಾಗಿ ಹುಳುವಿಲ್ಲ. ದಿನಕ್ಕೆ ಎರಡು ಸಲ ಉಜ್ಜಿ ತೆಗೆಯದಿದ್ದರೆ ಜೀವಾಣುಗಳ ಆ ಮೆತ್ತನೆಯ ಪದರವು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕಿಟ್ಟ ಕಟ್ಟಿದ ಕಡೆ ಒಸಡು ಊದುತ್ತದೆ, ರಕ್ತ ಬರುತ್ತದೆ, ಕ್ರಮೇಣ ಹಲ್ಲನ್ನು ಹಿಡಿದಿರುವ ಎಲುಬು ಸವೆದು ಹಲ್ಲು ಅಲ್ಲಾಡುತ್ತದೆ. ಒಮ್ಮೆ ಕಟ್ಟಿದ ಕಿಟ್ಟವು ಬ್ರಷ್ಷಿಗೆ ಹೋಗುವುದಿಲ್ಲ, ದಂತವೈದ್ಯರೇ ತೆಗೆಯಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ರೋಗ ಬೇಗ ಹತ್ತುತ್ತದೆ. ಒಸಡಿನ ರೋಗ ಹೆಚ್ಚಿದರೆ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಎರಡೂ ಒಂದಕ್ಕೊಂದು ಕೈಕೊಟ್ಟು ನಡೆಯುತ್ತವೆ.

ಇದೆಲ್ಲವೂ ಹೊರಗಿನವರಿಗೂ ಇರುವ ತೊಂದರೆಯೇ. ಆದರೆ ಜೈಲು ಇದನ್ನು ಹತ್ತು ಪಾಲು ಮಾಡುತ್ತದೆ. ಪೊಲೀಸರು ಹಿಡಿದುಕೊಂಡು ಹೋಗುವಾಗ ಯಾರೂ ಬ್ರಷ್ಷು ತೆಗೆದುಕೊಂಡು ಹೋಗುವುದಿಲ್ಲ. ಉಟ್ಟ ಬಟ್ಟೆಯಲ್ಲಿ ಹೋಗುತ್ತಾನೆ. 2022ರಲ್ಲಿ ದೇಶದ ಜೈಲುಗಳಲ್ಲಿ 100 ಮಂದಿಯ ಜಾಗದಲ್ಲಿ 131 ಮಂದಿ ಇದ್ದರು. ಅಷ್ಟು ಜನಕ್ಕೆ ಬೆಳಿಗ್ಗೆ ಕೆಲವೇ ನಲ್ಲಿಗಳು. ಹಿಂದಿನಿಂದ ನೂಕುವವರ ನಡುವೆ ಎರಡು ನಿಮಿಷ ನಿಂತು ಹಲ್ಲುಜ್ಜುವುದು ಹೇಗೆ? ನೀರಿನ ಸರದಿಯ ಜಗಳ ನಮ್ಮ ಲೈನುಗಳಲ್ಲಿ ಏನೆಂಬುದು ನಿಮಗೇ ಗೊತ್ತು. ಇಲ್ಲಿ ಬೇಸರವಾದರೆ ತೋಡಿನ ಕಡೆಗಾದರೂ ಹೋಗಬಹುದು, ಅಲ್ಲಿ ಬೀಗ.

ಬ್ರಷ್ಷು ಇಲ್ಲದವನು ಕೈಗೆ ಸಿಕ್ಕಿದ್ದರಿಂದ ಉಜ್ಜುತ್ತಾನೆ. ಇಟ್ಟಿಗೆ ಪುಡಿ, ಇದ್ದಿಲು, ಬೂದಿ, ಮಣ್ಣು. ಇವು ಹಲ್ಲನ್ನು ಬಿಳಿ ಮಾಡಿದಂತೆ ಕಾಣುತ್ತವೆ, ಆದರೆ ಮರಳಿನ ಕಾಗದದಿಂದ ಉಜ್ಜಿದಂತೆ ಹೊರಪದರವನ್ನು ತೇಯುತ್ತವೆ. ಕೆಲವರು ಪಕ್ಕದವನ ಬ್ರಷ್ಷನ್ನೇ ಬಳಸುತ್ತಾರೆ. ಇದು ಇನ್ನೂ ಅಪಾಯ. ಒಸಡಿನಿಂದ ಬಂದ ರಕ್ತವು ಕಣ್ಣಿಗೆ ಕಾಣದಷ್ಟು ಬ್ರಷ್ಷಿನಲ್ಲಿ ಉಳಿದರೂ ಸಾಕು, ಹೆಪಟೈಟಿಸ್ ಬಿ ಎಂಬ ಈಲಿ ರೋಗವು ಒಬ್ಬನಿಂದ ಇನ್ನೊಬ್ಬನಿಗೆ ದಾಟಬಹುದು. ಕ್ಷೌರದ ಬ್ಲೇಡನ್ನು ಹಂಚಿಕೊಳ್ಳಬಾರದು ಎಂದು ನಮ್ಮವರಿಗೆ ಈಗ ತಿಳಿದಿದೆ. ಬ್ರಷ್ಷಿಗೂ ಅದೇ ನಿಯಮ ಎಂಬುದು ತಿಳಿದಿಲ್ಲ.

ಜೈಲಿನಲ್ಲಿ ಬೀಡಿ ಎಂಬುದು ಹೊಗೆ ಮಾತ್ರವಲ್ಲ, ಅದು ನಾಣ್ಯವೂ ಹೌದು. ಬೀಡಿ ಕೊಟ್ಟರೆ ಬಟ್ಟೆ ಒಗೆದುಕೊಡುವವರು ಇರುತ್ತಾರೆ, ಮಲಗಲು ಒಳ್ಳೆಯ ಜಾಗ ಬಿಡುವವರು ಇರುತ್ತಾರೆ. ಹೊರಗೆ ಸೇದದವನೂ ಒಳಗೆ ಬೇಸರಕ್ಕೆ ಕಲಿಯುತ್ತಾನೆ. ಹೊಗೆಸೊಪ್ಪನ್ನು ಕೆನ್ನೆಯೊಳಗೆ ಇಟ್ಟುಕೊಂಡರೆ ಹಲ್ಲುನೋವು ಮರಗಟ್ಟಿದಂತಾಗುವುದು ನಿಜ. ಆ ಸಮಾಧಾನವೇ ಮೋಸ. ನೋವು ಅಡಗುತ್ತದೆ, ರೋಗ ಬೆಳೆಯುತ್ತದೆ. ಒಂದು ಕಾಲದಲ್ಲಿ ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳೂ ಅಂಗಡಿಯಲ್ಲಿ ಸಿಗುತ್ತಿದ್ದವು. ಸರಕಾರವು 1992ರಲ್ಲಿ ಅವುಗಳನ್ನು ನಿಷೇಧಿಸಿತು. ಅಡಿಕೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ತಾನೇ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಸಾರಿತು. ಎಲೆ ಅಡಿಕೆ ಜಗಿಯುತ್ತ ಚಳಿಯಲ್ಲಿ ಸೊಪ್ಪು ಕೀಳುವ ನಮ್ಮ ತಾಯಂದಿರಿಗೂ ಈ ಮಾತು ಸಲ್ಲುತ್ತದೆ. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಜೈಲಿನಲ್ಲಿರಲಿ, ಲೈನಿನಲ್ಲಿರಲಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹಲ್ಲುನೋವು ರಾತ್ರಿ ಹೆಚ್ಚುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ಮಲಗಿದರೆ ತಲೆಗೆ ರಕ್ತ ಹರಿದು ಮಿಡಿತ ಜೋರಾಗುತ್ತದೆ. ಮನೆಯಲ್ಲಿದ್ದರೆ ಹೆಂಡತಿ ಬಿಸಿನೀರು ಉಪ್ಪು ಕೊಟ್ಟಾಳು, ತಾಯಿ ಲವಂಗ ಕೊಟ್ಟಾಳು, ಬೆಳಿಗ್ಗೆ ಮೊದಲ ಬಸ್ಸಿಗೆ ಪೇಟೆಯ ಆಸ್ಪತ್ರೆಗೆ ಹೋಗಬಹುದು. ಜೈಲಿನಲ್ಲಿ ಸಂಜೆಯೇ ಬಾಗಿಲು ಹಾಕುತ್ತಾರೆ. ಸಣ್ಣ ಸಬ್ ಜೈಲುಗಳಲ್ಲಿ ವೈದ್ಯರು ಇಡೀ ದಿನ ಇರುವುದಿಲ್ಲ, ದಂತವೈದ್ಯರ ಮಾತಂತೂ ದೂರ. ಹೊರಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಕಾವಲಿಗೆ ಪೊಲೀಸರು ಬೇಕು. ಮಂತ್ರಿಗಳ ಬಂದೋಬಸ್ತು, ಜಾತ್ರೆ, ಚುನಾವಣೆ ಏನಾದರೂ ಬಂದರೆ ಪೊಲೀಸರು ಸಿಗುವುದಿಲ್ಲ. "ನಾಳೆ" ಎನ್ನುತ್ತಾರೆ. ನಾಳೆ ಭಾನುವಾರ, ನಾಡಿದ್ದು ರಜೆ.

ಸಂಘದ ಕೆಲಸಕ್ಕಾಗಿ ಜೈಲಿನ ಬಾಗಿಲವರೆಗೆ ಹೋಗಿಬಂದ ನಮಗೆ ಇಂಥದೊಂದು ನೆನಪಿದೆ. ಗೌಂಡಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷವಿರಬಹುದು, ಜಾಲರಿಯ ಆಚೆ ನಿಂತಿದ್ದ. ಒಂದು ಕೆನ್ನೆ ಹಂಡೆಯಂತೆ ಊದಿತ್ತು. ತಾಯಿ ಏನು ಕೇಳಿದರೂ ತಲೆಯಾಡಿಸಿದನೇ ಹೊರತು ಬಾಯಿ ಬಿಡಲಿಲ್ಲ. ಮಗನಿಗೆ ಕೋಪವೆಂದು ತಾಯಿ ಅತ್ತಳು. ಕೋಪವಲ್ಲ, ಬಾಯಿ ತೆರೆಯಲು ಆಗುತ್ತಿರಲಿಲ್ಲ. ಹತ್ತು ದಿನ ಗುಳಿಗೆ ನುಂಗಿಸಿದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ಆ ಹೊತ್ತಿಗೆ ಕೀವು ತುಂಬಿದ್ದರಿಂದ ಪಕ್ಕಪಕ್ಕದ ಎರಡು ದವಡೆ ಹಲ್ಲುಗಳನ್ನು ಕೀಳಬೇಕಾಯಿತು. ಮೊದಲ ವಾರದಲ್ಲಿ ತೋರಿಸಿದ್ದರೆ ಅವುಗಳನ್ನು ತುಂಬಿಸಿ ಉಳಿಸಬಹುದಿತ್ತು. ಮುಂದೆ ಅವನ ಮೇಲಿನ ಕೇಸು ಬಿದ್ದುಹೋಯಿತು. ಅಪರಾಧವಿಲ್ಲವೆಂದು ಬಿಟ್ಟರು. ಎರಡು ಹಲ್ಲುಗಳ ಲೆಕ್ಕವನ್ನು ಯಾರೂ ಕೊಡಲಿಲ್ಲ.

ಹಲ್ಲಿನ ಕೀವನ್ನು ಸಣ್ಣದೆಂದು ತಿಳಿಯಬೇಡಿ. ಕೆಳದವಡೆಯ ಹಲ್ಲಿನ ಕೀವು ನಾಲಿಗೆಯ ಅಡಿಗೆ, ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯೇ ಮುಚ್ಚಿ ಪ್ರಾಣ ಹೋಗಬಹುದು. ಜ್ವರ, ನುಂಗಲಾಗದಿರುವುದು, ಗದ್ದದ ಕೆಳಗೆ ಗಟ್ಟಿಯಾದ ಬಾವು, ಈ ಮೂರು ಕಂಡರೆ ಅದು ಆ ದಿನವೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ.

ಇನ್ನೊಂದು ಮಾತು ನಮ್ಮಂಥ ಗಡಿಯಾಚೆಯ ಕನ್ನಡದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನಾವು ಇರುವ ಕಡೆ ಜೈಲಿನ ಭಾಷೆ ತಮಿಳು ಅಥವಾ ಮಲಯಾಳ. ಪೇಟೆಯಲ್ಲಿ ಸಾಮಾನು ಕೊಳ್ಳುವಷ್ಟು ಭಾಷೆ ನಮಗೆ ಬರುತ್ತದೆ. ಆದರೆ ನೋವು ಜುಮ್ಮೆನ್ನುತ್ತದೆಯೋ, ಸೆಳೆಯುತ್ತದೆಯೋ, ತಣ್ಣೀರಿಗೆ ಬರುತ್ತದೆಯೋ, ಜಗಿದರೆ ಬರುತ್ತದೆಯೋ ಎಂಬುದನ್ನು ಪರಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಇವುಗಳಿಂದಲೇ ವೈದ್ಯರು ಯಾವ ಹಲ್ಲು, ಎಷ್ಟು ಕೆಟ್ಟಿದೆ ಎಂದು ಅಂದಾಜು ಮಾಡುತ್ತಾರೆ. ಮೊದಲೇ ಭಾಷೆ ಅರ್ಧ, ಊದಿದ ಬಾಯಿಯಲ್ಲಿ ಅದರ ಅರ್ಧ. ಅದೇ ಬಾಯಿಂದ ಅವನು ನ್ಯಾಯಾಧೀಶರ ಮುಂದೆ ತನ್ನ ಪರವಾಗಿ ನಾಲ್ಕು ಮಾತು ಹೇಳಬೇಕು.

ಇದು ನಮ್ಮ ಊಹೆಯ ಮಾತಲ್ಲ. ಕರ್ನಾಟಕದ ಕೇಂದ್ರ ಕಾರಾಗೃಹಗಳಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವರ ಬಾಯಿಗಳನ್ನು ದಂತವೈದ್ಯರು ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಬಹುಮಟ್ಟಿಗೆ ಎಲ್ಲರಲ್ಲಿಯೂ ಹಲ್ಲಿನ ಹುಳುಕು ಕಂಡುಬಂತು. ಬೇರೆ ರಾಜ್ಯಗಳ ಜೈಲುಗಳಲ್ಲಿ ದಂತ ಕಾಲೇಜುಗಳವರು ನಡೆಸಿದ ಪರೀಕ್ಷೆಗಳೂ ಹುಳುಕು, ಒಸಡಿನ ರೋಗ, ಹೊಗೆಸೊಪ್ಪು ಈ ಮೂರನ್ನೇ ಮತ್ತೆ ಮತ್ತೆ ತೋರಿಸಿವೆ. ಕಾಲೇಜಿನವರು ವರ್ಷಕ್ಕೊಮ್ಮೆ ಬಂದು ಶಿಬಿರ ನಡೆಸುವುದು ಒಳ್ಳೆಯದೇ. ಆದರೆ ಶಿಬಿರವು ಚಿಕಿತ್ಸೆಯಲ್ಲ. ಪೇಸ್ಟಿನ ಸಣ್ಣ ಕೊಳವೆ ಹಂಚಿ, ಕೆಟ್ಟ ಹಲ್ಲು ಕಿತ್ತು, ಫೋಟೋ ತೆಗೆದು ಹೋದರೆ ಮರುದಿನ ನೋವು ಬಂದವನಿಗೆ ಮುಂದಿನ ವರ್ಷದವರೆಗೆ ಕಾಯುವುದೇ ಗತಿ.

ಊಟಕ್ಕೂ ಒಸಡಿಗೂ ಇರುವ ನಂಟನ್ನು ಜಗತ್ತಿಗೆ ತೋರಿಸಿದ ಸ್ಥಳಗಳಲ್ಲಿ ಜೈಲೂ ಒಂದು. ಲಂಡನ್ ಪಟ್ಟಣದ ಮಿಲ್‌ಬ್ಯಾಂಕ್ ಸೆರೆಮನೆಯಲ್ಲಿ ಕೈದಿಗಳಿಗೆ ಹೆಚ್ಚು ಸುಖವಾಯಿತೆಂದು ಹೇಳಿ 1822ರಲ್ಲಿ ಊಟವನ್ನು ಕಡಿಮೆ ಮಾಡಿದರು. ಆಲೂಗಡ್ಡೆಯನ್ನು ತೆಗೆದುಬಿಟ್ಟರು. ಕೆಲವೇ ತಿಂಗಳಲ್ಲಿ, 1823ರ ಆರಂಭಕ್ಕೆ, ಕೈದಿಗಳಲ್ಲಿ ಸ್ಕರ್ವಿ ಎಂಬ ರೋಗ ಹಬ್ಬಿತು. ಒಸಡು ಊದಿ ರಕ್ತ ಸೋರುವುದು, ಮೈಮೇಲೆ ಕಲೆಗಳೇಳುವುದು ಅದರ ಗುರುತು. ವೈದ್ಯರು ಬಂದು ಊಟವನ್ನು ಸುಧಾರಿಸಿ ಕಿತ್ತಳೆ ಹಣ್ಣು ಕೊಡಿಸಿದರು. ಹಣ್ಣು, ಹುಳಿ, ತಾಜಾ ತರಕಾರಿಗಳಲ್ಲಿರುವ ಸಿ ಜೀವಸತ್ವ ಇಲ್ಲದಿದ್ದರೆ ಒಸಡು ನಿಲ್ಲುವುದಿಲ್ಲ. ನಮ್ಮ ಬೆಟ್ಟದಲ್ಲಿ ಉದುರಿ ಹೋಗುವ ನೆಲ್ಲಿಕಾಯಿಯಲ್ಲಿ ಅದು ಬೇಕಾದಷ್ಟಿದೆ. ಕೈದಿಯ ತಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಅಡುಗೆ ಕೋಣೆಯ ಲೆಕ್ಕದ ಪುಸ್ತಕಕ್ಕಿಂತ ಅವನ ಒಸಡೇ ಸತ್ಯ ಹೇಳುತ್ತದೆ.

ಜೈಲಿನಲ್ಲಿ ಮಕ್ಕಳೂ ಇರುತ್ತಾರೆ ಎಂಬುದನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ. ತಾಯಿ ಒಳಗಿದ್ದರೆ ಆರು ವರ್ಷದವರೆಗೆ ಮಗು ಅವಳ ಜೊತೆ ಇರಬಹುದೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಲೆಕ್ಕ ಹಾಕಿ ನೋಡಿರಿ. ಮಗುವಿಗೆ ಸುಮಾರು ಆರು ತಿಂಗಳಿಗೆ ಮೊದಲ ಹಾಲುಹಲ್ಲು ಬರುತ್ತದೆ, ಎರಡೂವರೆ ಮೂರು ವರ್ಷಕ್ಕೆ ಇಪ್ಪತ್ತೂ ಬಂದಿರುತ್ತವೆ, ಆರು ವರ್ಷದ ಹೊತ್ತಿಗೆ ಬಾಳಿಡೀ ಉಳಿಯಬೇಕಾದ ಮೊದಲ ದವಡೆ ಹಲ್ಲು ಹುಟ್ಟುತ್ತದೆ. ಆ ಮಗುವಿನ ಹಾಲುಹಲ್ಲುಗಳೆಲ್ಲವೂ ಜೈಲಿನ ಗೋಡೆಯೊಳಗೇ ಮೂಡಿ ಅಲ್ಲಿಯೇ ಕೆಡಬಹುದು. ಆ ಮಗು ಯಾವ ಅಪರಾಧ ಮಾಡಿದೆ? ಬಸುರಿ ಹೆಂಗಸರಿಗೆ ಒಸಡಿನಲ್ಲಿ ರಕ್ತ ಬರುವುದು ಹೆಚ್ಚು. ಅವರಿಗೂ ಬ್ರಷ್ಷು ಸಾಲದು, ವೈದ್ಯರ ಕಣ್ಣು ಬೇಕು.

"ಬ್ರಷ್ಷನ್ನು ಉಜ್ಜಿ ಮೊನೆ ಮಾಡಿ ಚುಚ್ಚಿದರೆ?" ಎಂದು ಜೈಲಿನ ಅಧಿಕಾರಿಗಳು ಕೇಳಬಹುದು. ಪ್ರಶ್ನೆ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರವೂ ಇದೆ. ಅಮೆರಿಕದ ಜೈಲುಗಳಲ್ಲಿ ಗಿಡ್ಡ ಹಿಡಿಯ, ಬಾಗುವ ಬ್ರಷ್ಷುಗಳನ್ನು ಕೊಡುತ್ತಾರೆ. ಅಪಾಯವಿದೆಯೆಂದು ವಸ್ತುವನ್ನೇ ಕಿತ್ತುಕೊಳ್ಳುವುದು ಹಳೆಯ ಸುಲಭದ ದಾರಿ. ಬ್ರಿಟಿಷರ ಕಾಲದಲ್ಲಿ ಬಿಹಾರದ ಜೈಲುಗಳಲ್ಲಿ ಕೈದಿಗಳ ಹಿತ್ತಾಳೆಯ ಚೊಂಬು ಆಯುಧವಾದೀತೆಂದು ಅದನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಡಲು ಹೊರಟರು. ಶೌಚಕ್ಕೂ ಕುಡಿಯಲೂ ಇದ್ದ ಚೊಂಬು ಅದು. ಮಣ್ಣಿನ ಪಾತ್ರೆಯನ್ನು ತೊಳೆದು ಶುದ್ಧ ಮಾಡಲಾಗದು, ಜಾತಿ ಕೆಡುತ್ತದೆ ಎಂದು 1855ರಲ್ಲಿ ಆರಾ ಮತ್ತು ಮುಜಫ್ಫರಪುರದಲ್ಲಿ ಕೈದಿಗಳು ದಂಗೆ ಎದ್ದರು. ಮುಜಫ್ಫರಪುರದಲ್ಲಿ ಊರಿನವರೂ ಅವರ ಪರವಾಗಿ ಬೀದಿಗೆ ಬಂದರು. ಕಡೆಗೆ ಸರಕಾರ ಚೊಂಬನ್ನು ಹಿಂದಕ್ಕೆ ಕೊಡಬೇಕಾಯಿತು. ನಮ್ಮ ಕಾಲದಲ್ಲಿಯೇ, 2020ರಲ್ಲಿ, ಮುಂಬಯಿ ಹತ್ತಿರದ ತಲೋಜಾ ಜೈಲಿನಲ್ಲಿ ವಿಚಾರಣಾಧೀನರಾಗಿದ್ದ 83 ವರ್ಷದ ಫಾದರ್ ಸ್ಟ್ಯಾನ್ ಸ್ವಾಮಿಯವರು ಕೈನಡುಕದ ಪಾರ್ಕಿನ್ಸನ್ ರೋಗದಿಂದ ಲೋಟ ಹಿಡಿಯಲಾಗದೆ, ಕುಡಿಯಲು ಒಂದು ಕೊಳವೆ ಮತ್ತು ಅದಕ್ಕೆ ತಕ್ಕ ಲೋಟಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಅದರಲ್ಲಿ ವಾರಗಳು ಕಳೆದವು. 2021ರ ಜುಲೈ 5ರಂದು ಅವರು ಕೈದಿಯಾಗಿಯೇ ತೀರಿಕೊಂಡರು. ಚೊಂಬು, ಕೊಳವೆ, ಬ್ರಷ್ಷು, ಇವು ಹೊರಗಿನವರಿಗೆ ಕೆಲವು ರೂಪಾಯಿಗಳ ಸಾಮಾನು. ಒಳಗಿರುವವನಿಗೆ ತಾನು ಇನ್ನೂ ಮನುಷ್ಯ ಎಂಬುದಕ್ಕೆ ಉಳಿದಿರುವ ಗುರುತು.

ಕಾನೂನು ಏನು ಹೇಳುತ್ತದೆ? ಪ್ರತಿಯೊಬ್ಬ ಕೈದಿಗೂ ಅರ್ಹ ದಂತವೈದ್ಯರ ಸೇವೆ ದೊರಕಬೇಕು ಎಂಬ ಮಾತು 1955ರಷ್ಟು ಹಿಂದೆಯೇ ಅಂತರರಾಷ್ಟ್ರೀಯ ನಿಯಮಗಳಲ್ಲಿ ಬಂತು. 2015ರಲ್ಲಿ ವಿಶ್ವಸಂಸ್ಥೆಯು ಆ ನಿಯಮಗಳನ್ನು ತಿದ್ದಿ, 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಹೆಸರನ್ನಿಟ್ಟಿತು. ಅದರ 18ನೇ ನಿಯಮವು ಕೈದಿಗೆ ನೀರನ್ನೂ ಶುಚಿತ್ವಕ್ಕೆ ಬೇಕಾದ ಸಾಮಾನನ್ನೂ ಕೊಡಬೇಕೆನ್ನುತ್ತದೆ. 24ನೆಯದು ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆ ಒಳಗಿನವರಿಗೂ ಸಿಗಬೇಕೆನ್ನುತ್ತದೆ. 25ನೆಯದು ದಂತವೈದ್ಯರ ಮಾತನ್ನು ಮತ್ತೆ ಹೇಳುತ್ತದೆ. ಬ್ರಿಟಿಷರು ಮಾಡಿದ 1894ರ ಜೈಲು ಕಾಯ್ದೆಯೂ ಕೈದಿ ಒಳಗೆ ಬಂದಕೂಡಲೇ ಅವನ ದೇಹಸ್ಥಿತಿಯನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕೆಂದಿತ್ತು. ಶಿಕ್ಷೆಯಾಗದವನು ತನಗೆ ಬೇಕಾದ ಅಗತ್ಯ ವಸ್ತುಗಳನ್ನು ಹೊರಗಿನಿಂದ ತರಿಸಿಕೊಳ್ಳಬಹುದೆಂದು ಅದರ 31ನೇ ಕಲಮಿನಲ್ಲಿತ್ತು. ಬೆಂಗಳೂರಿನ ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಕೈದಿ ಬರೆದ ಒಂದು ಕಾಗದವನ್ನೇ ಅರ್ಜಿಯಾಗಿ ಸ್ವೀಕರಿಸಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ನಮ್ಮ ಜೈಲುಗಳನ್ನು ಕಾಡುತ್ತಿರುವ ಒಂಬತ್ತು ಕೇಡುಗಳನ್ನು ಅದರಲ್ಲಿ ಎಣಿಸಿತು. ಆರೋಗ್ಯ ಮತ್ತು ಶುಚಿತ್ವದ ಅಲಕ್ಷ್ಯ ಅವುಗಳಲ್ಲಿ ಒಂದು. ಜೈಲಿನೊಳಗಿಂದ ಬರೆದ ಕಾಗದಕ್ಕೆ ಇಷ್ಟು ಬಲವಿದೆ ಎಂಬುದನ್ನು ನೆನಪಿಡಿರಿ.

ಈಗ ನಮ್ಮವರೇ ಎತ್ತುವ ಆಕ್ಷೇಪಣೆಗೆ ಬರೋಣ. "ನಮ್ಮ ತೋಟದ ಡಿಸ್ಪೆನ್ಸರಿಯಲ್ಲೇ ದಂತವೈದ್ಯರಿಲ್ಲ. ಬೆವರು ಸುರಿಸಿ ದುಡಿಯುವ ನಮಗೆ ಇಲ್ಲದ್ದು ತಪ್ಪು ಮಾಡಿದವನಿಗೆ ಏಕೆ?" ಎನ್ನುತ್ತಾರೆ. ಈ ಮಾತಿನಲ್ಲಿ ನೋವಿದೆ, ಅದನ್ನು ನಾವು ಬಲ್ಲೆವು. ನಮ್ಮಲ್ಲಿ ಎಷ್ಟೋ ಮಂದಿ ಐವತ್ತು ತುಂಬುವ ಮೊದಲೇ ಬೊಚ್ಚುಬಾಯಿಯವರಾಗಿದ್ದಾರೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿದೆ. ಆದರೆ ನಮಗಿಲ್ಲವೆಂದು ಇನ್ನೊಬ್ಬನಿಗೂ ಬೇಡವೆಂದರೆ ಇಬ್ಬರಿಗೂ ಸಿಗುವುದಿಲ್ಲ. ಹಾಗೆ ಹೇಳಿದರೆ ಲಾಭ ಕೊಡಬೇಕಾದವನಿಗೆ ಮಾತ್ರ. ಅದೂ ಅಲ್ಲದೆ ಒಂದು ವ್ಯತ್ಯಾಸವಿದೆ. ನಮಗೆ ಕಾಲಿದೆ, ಬಸ್ಸು ಹತ್ತಬಹುದು, ಸಾಲ ಮಾಡಿಯಾದರೂ ಹೋಗಬಹುದು. ಬೀಗ ಹಾಕಿದವನು ಒಳಗಿರುವವನ ಕಾಲನ್ನು ತೆಗೆದುಕೊಂಡಿದ್ದಾನೆ. ಕಾಲನ್ನು ತೆಗೆದುಕೊಂಡವನೇ ವೈದ್ಯರನ್ನು ಅವನ ಬಳಿಗೆ ತರಬೇಕು. ಇದು ದಾನವಲ್ಲ, ಬೀಗದ ಜೊತೆಗೆ ಬರುವ ಸಾಲ.

ಹಾಗಾದರೆ ನಾವು ಏನನ್ನು ಕೇಳಬೇಕು? ಹೆಚ್ಚಿನದೇನಲ್ಲ. ಒಳಗೆ ಬಂದ ಮೊದಲ ದಿನವೇ ಪ್ರತಿಯೊಬ್ಬನಿಗೂ ಅವನದೇ ಆದ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಕೊಡಬೇಕು, ಮೂರು ತಿಂಗಳಿಗೊಮ್ಮೆ ಬ್ರಷ್ಷು ಬದಲಿಸಬೇಕು. ಪ್ರವೇಶದ ಪರೀಕ್ಷೆಯಲ್ಲಿ ಬಾಯಿ ತೆರೆಸಿ ನೋಡಿ ಬರೆದುಕೊಳ್ಳಬೇಕು. ತಾಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಇರುವ ಕಡೆ, ತಿಂಗಳಿಗೆ ಗೊತ್ತಾದ ಒಂದು ದಿನ ಅವರು ಸಬ್ ಜೈಲಿಗೆ ಬರಬೇಕು. ಉಳಿಸಬಹುದಾದ ಹಲ್ಲನ್ನು ತುಂಬಿಸಿ ಉಳಿಸಬೇಕು, ಕೀಳುವುದು ಕಡೆಯ ದಾರಿಯಾಗಿರಬೇಕು. ಬಾವು ಬಂದವನನ್ನು ಪೊಲೀಸರಿಲ್ಲವೆಂಬ ನೆಪದಿಂದ ಕಾಯಿಸಬಾರದು.

ಮನೆಯವರು ಮಾಡಬೇಕಾದದ್ದೂ ಇದೆ. ಭೇಟಿಗೆ ಹೋಗುವಾಗ ಬೀಡಿಯ ಕಟ್ಟನ್ನೂ ಸಿಹಿತಿಂಡಿಯನ್ನೂ ಕಟ್ಟಿಕೊಂಡು ಹೋಗುವುದೇ ಪ್ರೀತಿ ಎಂದು ತಿಳಿಯಬೇಡಿ. ಬ್ರಷ್ಷು ಪೇಸ್ಟನ್ನು ಬಾಗಿಲಿನಲ್ಲಿ ಒಪ್ಪಿಸಬಹುದೇ ಎಂದು ಕೇಳಿರಿ. ಆಗದಿದ್ದರೆ, ಕ್ಯಾಂಟೀನು ಇರುವ ಜೈಲಿನಲ್ಲಿ ಅವನ ಹೆಸರಿಗೆ ಸ್ವಲ್ಪ ಹಣ ಕಟ್ಟಿ ಅದರಿಂದ ಕೊಳ್ಳಲು ಹೇಳಿರಿ. "ಚೆನ್ನಾಗಿದ್ದೀಯಾ?" ಎಂದು ಕೇಳಿ ಬಿಡದೆ "ಹಲ್ಲು, ಒಸಡು ಹೇಗಿದೆ? ಬಾಯಿ ತೆರೆದು ತೋರಿಸು" ಎನ್ನಿರಿ. ನೋವಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಯಾವ ದಿನದಿಂದ ನೋವು, ಊತವಿದೆಯೇ, ಜ್ವರವಿದೆಯೇ ಎಂದು ಒಂದು ಹಾಳೆಯಲ್ಲಿ ಬರೆದು ಸೂಪರಿಂಟೆಂಡೆಂಟರಿಗೆ ಕೊಟ್ಟು, ಇನ್ನೊಂದು ಪ್ರತಿಯಲ್ಲಿ ಸಹಿ ಹಾಕಿಸಿಕೊಳ್ಳಿರಿ. ಬರೆಯಲು ಬಾರದವರು ಸಂಘಕ್ಕೆ ಬನ್ನಿರಿ, ಬರೆದುಕೊಡುತ್ತೇವೆ. ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ಬಂಧನದಲ್ಲಿರುವ ಪ್ರತಿಯೊಬ್ಬನಿಗೂ 1987ರ ಕಾಯ್ದೆಯಂತೆ ಉಚಿತ ಕಾನೂನು ಸಹಾಯದ ಹಕ್ಕಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಜಾಮೀನು ಸಿಕ್ಕಿದರೂ ಹಣವಿಲ್ಲದೆ ಒಳಗೇ ಉಳಿದ ಬಡವರಿಗಾಗಿ ಕೇಂದ್ರ ಸರಕಾರ 2023ರಲ್ಲಿ ತಂದ ಯೋಜನೆಯಲ್ಲಿ ವಿಚಾರಣಾಧೀನನಿಗೆ 40,000 ರೂಪಾಯಿಯವರೆಗೆ ನೆರವಿಗೆ ಅವಕಾಶವಿಟ್ಟರು. ಅದನ್ನೂ ಪ್ರಾಧಿಕಾರದಲ್ಲಿಯೇ ವಿಚಾರಿಸಿರಿ. ಬೇಗ ಹೊರಗೆ ಬರುವುದಕ್ಕಿಂತ ಒಳ್ಳೆಯ ಔಷಧ ಹಲ್ಲಿಗೂ ಇಲ್ಲ.

ಹೊರಗೆ ಬಂದವನ ವಿಷಯದಲ್ಲಿಯೂ ಒಂದು ಮಾತು. ಹಲ್ಲಿಲ್ಲದ ಬಾಯನ್ನು ನೋಡಿ ಹುಡುಗರು ಹೆಸರಿಟ್ಟು ಕರೆಯುವುದನ್ನು ಕೇಳಿದ್ದೇವೆ. ಹಾಗೆ ಕರೆಸಿಕೊಂಡವನು ಕೆಲಸ ಕೇಳಲು ಮೇಸ್ತ್ರಿಯ ಮುಂದೆ ನಿಲ್ಲುವುದಿಲ್ಲ, ಮದುವೆ ಮನೆಗೆ ಬರುವುದಿಲ್ಲ, ಮತ್ತೆ ಹಳೆಯ ಸಂಗಾತಿಗಳ ಬಳಿಗೇ ಹೋಗುತ್ತಾನೆ. ಬಂದ ವಾರದಲ್ಲಿಯೇ ಅವನನ್ನು ಸರಕಾರಿ ಆಸ್ಪತ್ರೆಯ ದಂತವಿಭಾಗಕ್ಕೆ ಯಾರಾದರೂ ಜೊತೆಗೆ ಕರೆದೊಯ್ಯಿರಿ. ಒಬ್ಬನೇ ಹೋಗು ಎಂದರೆ ಹೋಗಲಾರ.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಈ ಬೇಡಿಕೆಗಳನ್ನು ಬರೆದ ಮನವಿಯನ್ನು ಓದಲಿದ್ದೇವೆ. ಒಪ್ಪುವವರು ಸಹಿ ಹಾಕಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಅದನ್ನು ನಮ್ಮ ಹತ್ತಿರದ ಸಬ್ ಜೈಲಿನ ಅಧಿಕಾರಿಗಳಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸೋಣ. ತಿಂಗಳಿಗೆ ಒಂದು ದಿನ ಒಬ್ಬ ದಂತವೈದ್ಯರು ಆ ಬಾಗಿಲನ್ನು ದಾಟಿ ಒಳಗೆ ಹೋಗುವವರೆಗೆ ಈ ಮನವಿಯನ್ನು ಬಿಡಬಾರದು ಎಂಬುದೇ ನಮ್ಮ ಕೋರಿಕೆ.